ಶ್ರುತಿ ಹಿಡಿಯುವ ಹುಡುಗ

ಸನಾದಿ ಮೇಳದಲ್ಲಿ ಎಲ್ಲರಿಗಿಂತ ಚಿಕ್ಕವನ ಕೈಗೆ ಬರುವುದು ಬೆರಳಾಡಿಸಲು ಬಾರದ ವಾದ್ಯ. ನೋಡಲು ಅದೂ ಸನಾದಿಯೇ: ಮರದ ಕೊಳವೆ, ತುದಿಗೆ ಹಿತ್ತಾಳೆಯ ಬಾಯಿ, ನೆತ್ತಿಯ ಮೇಲೆ ಹುಲ್ಲಿನ ಪೀಪಿ. ಆದರೆ ತೂತುಗಳಿಗೆ ಮೇಣ ಮೆತ್ತಿರುತ್ತಾರೆ. ಅದರಿಂದ ಹೊರಡುವುದು ಒಂದೇ ಸ್ವರ, ಷಡ್ಜ. ಮುಂದಿನ ಇಬ್ಬರು ರಾಗ ಹಿಡಿದು ಏರಲಿ, ಇಳಿಯಲಿ, ಜಗಳಕ್ಕೆ ಬಿದ್ದವರಂತೆ ಸವಾಲು ಜವಾಬು ನಡೆಸಲಿ, ಇವನು ಮಾತ್ರ ಆ ಒಂದು ಸ್ವರವನ್ನು ಬಿಡುವಂತಿಲ್ಲ. ಉಸಿರು ಕಡಿದರೆ ಮೇಳದ ನೆಲವೇ ಕುಸಿಯುತ್ತದೆ. ಸನಾದಿಯವರು ಇದನ್ನು ಸುರ್ ಎನ್ನುತ್ತಾರೆ, ನಾದಸ್ವರದವರು ಒತ್ತು ಎನ್ನುತ್ತಾರೆ. ಎರಡು ಕಡೆಯೂ ಕೆಲಸ ಒಂದೇ, ಅದನ್ನು ಹಿಡಿಯುವವನು ಸಾಮಾನ್ಯವಾಗಿ ಆ ಮನೆಯ ಹುಡುಗ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳ ಸೀಮೆಯಲ್ಲಿ ಊದುವ ವಾದ್ಯಗಳ ಕಥೆ ಹೇಳಹೊರಟರೆ ದೊಡ್ಡ ವಿದ್ವಾಂಸರ ಹೆಸರುಗಳ ಸಾಲು ಸಿಗುವುದಿಲ್ಲ. ಸಿಗುವುದು ಮೇಳ. ಮದುವೆ, ತೇರು, ಪಲ್ಲಕ್ಕಿ, ಅಲಾಯಿ, ಬಯಲಾಟ, ಕೊನೆಗೆ ಹೆಣದ ಮೆರವಣಿಗೆಯವರೆಗೂ ನಡೆದು ಬರುವ ಐದಾರು ಜನರ ಗುಂಪು. ಪಾಠಶಾಲೆ, ಪಠ್ಯ, ಪರೀಕ್ಷೆ ಯಾವುದೂ ಇಲ್ಲದೆ ಈ ಗುಂಪುಗಳು ತಲೆಮಾರಿನಿಂದ ತಲೆಮಾರಿಗೆ ಬಂದದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಆ ಶ್ರುತಿಯ ಕೊಳವೆಯಲ್ಲೇ ಇದೆ. ರಾಗದ ಗಂಧವಿಲ್ಲದ ಹುಡುಗನೂ ಮೊದಲ ದಿನದಿಂದಲೇ ಮೇಳಕ್ಕೆ ಬೇಕಾದವನು. ಅವನು ನಿಂತ ಜಾಗವೇ ಕಲಿಯುವ ಜಾಗ. ಮೂರು ನಾಲ್ಕು ವರ್ಷ ಅಪ್ಪನ ಬೆನ್ನ ಹಿಂದೆ ನಿಂತು ಷಡ್ಜ ಊದಿದವನ ಕಿವಿಗೆ ಯಾವ ಹೊತ್ತಿಗೆ ಯಾವ ರಾಗ, ತೇರು ಕದಲುವಾಗ ಏನು, ತಾಳಿ ಕಟ್ಟುವಾಗ ಏನು, ಹೆಣ್ಣು ಕಳಿಸುವಾಗ ಏನು ಎಂಬುದೆಲ್ಲ ತಾನಾಗಿಯೇ ಇಳಿದಿರುತ್ತದೆ. ಬೆರಳಿನ ಪಾಠ ಆಮೇಲೆ.

ಉಸಿರಿನ ಪಾಠ ಮಾತ್ರ ಮೊದಲು. ಕೆನ್ನೆಯಲ್ಲಿ ಗಾಳಿ ತುಂಬಿಟ್ಟು, ಅದನ್ನು ಪೀಪಿಗೆ ದೂಡುತ್ತಲೇ ಮೂಗಿನಿಂದ ಹೊಸ ಗಾಳಿ ಎಳೆದುಕೊಳ್ಳುವ ವಿದ್ಯೆ ಇದು. ನೀರಿನ ಚೊಂಬಿಗೆ ಹುಲ್ಲುಕಡ್ಡಿ ಇಟ್ಟು, ಗುಳ್ಳೆ ನಿಲ್ಲದಂತೆ ಊದು ಎಂದು ಮಕ್ಕಳಿಗೆ ಹೇಳಿಕೊಡುವ ಕ್ರಮ ದೇಶದ ಅನೇಕ ಕಡೆ ಇದೆ. ಜಗತ್ತಿನ ಬೇರೆಡೆಯೂ ಈ ಜಾತಿಯ ವಾದ್ಯ ಊದುವವರು ಇದೇ ಉಸಿರನ್ನು ಅಭ್ಯಾಸ ಮಾಡುತ್ತಾರೆ. ತುರ್ಕಿಯ ಜುರ್ನಾ, ಚೀನಾದ ಸುವೋನಾ, ಹಳೆಯ ಯುರೋಪಿನ ಶಾಮ್, ನಮ್ಮ ಸನಾದಿ ಎಲ್ಲವೂ ಒಂದೇ ಮನೆತನದವು: ಕೆಳಗೆ ಹೋದಂತೆ ಅಗಲವಾಗುವ ಕೊಳವೆ, ತುಟಿಗೆ ಜೋಡಿ ಹುಲ್ಲು, ಬಯಲಲ್ಲಿ ಸಾವಿರಾರು ಜನರ ಗದ್ದಲವನ್ನು ಸೀಳಿ ಕೇಳಿಸುವ ಗಂಟಲು.

ಈ ಸೀಮೆಗೆ ಊದುವ ವಾದ್ಯದ ಗೌರವ ಹಳೆಯದು. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದಿಂದ ನೊಳಂಬವಾಡಿಯನ್ನು ಆಳಿದ ಪಾಂಡ್ಯರು ಚಾಲುಕ್ಯರ ಮಹಾಮಂಡಲೇಶ್ವರರಾಗಿದ್ದವರು. ಅಂಥ ಸಾಮಂತರ ಬಿರುದಿನ ಮೊದಲಲ್ಲೇ ಪಂಚಮಹಾಶಬ್ದ ಬರುತ್ತದೆ, ಎಂದರೆ ಐದು ವಾದ್ಯಗಳನ್ನು ಮುಂದೆ ಮೊಳಗಿಸಿಕೊಂಡು ಹೋಗುವ ಹಕ್ಕು. ನಿಜಗುಣ ಶಿವಯೋಗಿಯ ವಿವೇಕಚಿಂತಾಮಣಿ ಕೊಡುವ ಪಟ್ಟಿಯಂತೆ ಆ ಐದು ಶೃಂಗ, ತಮ್ಮಟ, ಶಂಖ, ಭೇರಿ ಮತ್ತು ಜಯಘಂಟೆ. ಐದರಲ್ಲಿ ಎರಡು ಊದುವಂಥವು. ಸದ್ದು ಅಧಿಕಾರದ ಗುರುತಾಗಿತ್ತು, ಯಾರ ಮುಂದೆ ಏನು ಮೊಳಗಬಹುದು ಎಂಬುದನ್ನು ಮೇಲಿನ ದೊರೆ ಅಳೆದು ಕೊಡುತ್ತಿದ್ದ. ಅದೇ ತಾಲ್ಲೂಕಿನ ಬಾಗಳಿಯಲ್ಲಿ 10ನೇ ಶತಮಾನದ ಕಲ್ಲೇಶ್ವರ ಗುಡಿಯಿದೆ. ಇಂಥ ಗುಡಿಗಳಿಗೆ ಬಿಟ್ಟ ದತ್ತಿಗಳಲ್ಲಿ ಪಾತ್ರದವರು, ಮದ್ದಳೆಯವರ ಜತೆಗೆ ಕೊಳಲಿನವರಿಗೂ ಪಾಲು ಹೇಳುವ ಶಾಸನಗಳು ಆ ಕಾಲದ ಕನ್ನಡನಾಡಿನಲ್ಲಿ ಸಾಕಷ್ಟಿವೆ. 12ನೇ ಶತಮಾನದಲ್ಲಿ ಕಲ್ಯಾಣದ ಮೂರನೇ ಸೋಮೇಶ್ವರ ಮಾನಸೋಲ್ಲಾಸದಲ್ಲಿ ವಾದ್ಯಗಳ ಬಗ್ಗೆ ಬರೆದ. ಮುಂದಿನ ಶತಮಾನದಲ್ಲಿ ದೇವಗಿರಿಯ ಶಾರ್ಙ್ಗದೇವ ಸಂಗೀತರತ್ನಾಕರದಲ್ಲಿ ಊದುವ ವಾದ್ಯಗಳನ್ನು ಒಂದೊಂದಾಗಿ ವಿವರಿಸುವಾಗ ಮಧುಕರಿ ಎಂಬ ಹುಲ್ಲಿನ ಪೀಪಿಯ ವಾದ್ಯವನ್ನೂ ಸೇರಿಸಿದ. ಸನಾದಿ ಹೊರಗಿನಿಂದ ಬಂತೋ ಇಲ್ಲೇ ಬೆಳೆಯಿತೋ ಎಂದು ವಾದಿಸುವವರು ಆ ಹೆಸರಿಗೆ ಬಂದಾಗ ಒಂದು ಗಳಿಗೆ ನಿಲ್ಲುತ್ತಾರೆ. ಹಂಪಿಯಂತೂ ಪಕ್ಕದಲ್ಲೇ ಇದೆ. ಮಹಾನವಮಿ ದಿಬ್ಬದ ಕೆಳಗಿನ ಸಾಲುಗಳಲ್ಲಿ, ಹಜಾರರಾಮ ಗುಡಿಯ ಪ್ರಾಕಾರದ ಗೋಡೆಯ ಮೇಲೆ ಮೆರವಣಿಗೆಯೇ ಮೆರವಣಿಗೆ. ಕಲ್ಲಿನಲ್ಲೂ ವಾದ್ಯದವರು ಒಬ್ಬೊಬ್ಬರಾಗಿ ನಿಂತಿಲ್ಲ, ಗುಂಪಾಗಿ ನಡೆಯುತ್ತಿದ್ದಾರೆ.

ಗುಂಪಿನ ಲೆಕ್ಕಕ್ಕೆ ಸಿಗದ ಕೊಳಲೊಂದು ಇಲ್ಲಿದೆ, ಅದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಹಡಗಲಿ ತಾಲ್ಲೂಕಿನ ಮೈಲಾರದ ಗೊರವರದು. ಕಂಬಳಿ, ಡಮರುಗ, ಗಂಟೆಯ ಜತೆ ಗೊರವನ ಕೈಯಲ್ಲಿ ಪಿಳ್ಳಂಗೋವಿಯೂ ಇರುತ್ತದೆ. ಭರತ ಹುಣ್ಣಿಮೆಯ ಹೊತ್ತಿಗೆ ನಾಡಿನ ಎಲ್ಲೆಲ್ಲಿಂದಲೋ ಬಂದ ಗೊರವರು ಸೇರಿದಾಗ ಕೇಳಿಸುವುದು ಒಂದು ಶ್ರುತಿಯ ಸಂಗೀತವಲ್ಲ, ನೂರು ಕೊಳಲು ನೂರು ಶ್ರುತಿ. ಕಾರಣಿಕದ ಗೊರವಯ್ಯ ಬಿಲ್ಲನ್ನೇರಿ ಸದ್ದಲೇ ಎಂದ ಕೂಡಲೇ ಅಷ್ಟೂ ನಿಂತುಹೋಗುತ್ತದೆ. ಕುರಿಯ ಹಿಂಡಿನ ಹಿಂದೆ ಒಬ್ಬನೇ ನಡೆಯುವವನ ವಾದ್ಯ ಅದು. ಅದಕ್ಕೆ ಪಕ್ಕದವನ ಜತೆ ಹೊಂದಿಸಿಕೊಳ್ಳುವ ಹಂಗಿಲ್ಲ.

ಮೇಳದ ವಾದ್ಯಗಳ ವಿಷಯದಲ್ಲಿ ಈ ಐದು ತಾಲ್ಲೂಕು ಎರಡು ದಾರಿ ಕೂಡುವ ಜಾಗ. ತುಂಗಭದ್ರೆಯ ಆಚೆಯಿಂದ, ಗದಗ ಧಾರವಾಡದ ಕಡೆಯಿಂದ, ಸನಾದಿ ಮತ್ತು ಕರಡಿ ಮಜಲು ಬಂದವು. ಆದಿಲ್‌ಶಾಹಿಯ ನಗಾರಖಾನೆಗಳ ಕಾಲದಿಂದ ಆ ಕಡೆ ಶಹನಾಯಿಗೆ ಅರಮನೆಯ ಬಾಗಿಲಲ್ಲೂ ಜಾಗವಿತ್ತು. ಕರಡಿ ಮಜಲಿನಲ್ಲಿ ಎರಡು ಕಡೆ ಬಾರಿಸುವ ಕರಡಿ ವಾದ್ಯ, ದಿಮ್ಮು, ಅಂಗೈ ಮೀರಿದ ತಾಳಗಳು, ಅವುಗಳ ಮೇಲೆ ತೇಲುವ ಸನಾದಿ. ತೆಂಕಣ ಮತ್ತು ಮೂಡಣದಿಂದ, ಮದರಾಸು ಪ್ರಾಂತದ ಗುಡಿಗಳ ದಾರಿಯಲ್ಲಿ, ನಾದಸ್ವರ ಮತ್ತು ಡೋಲು ಬಂದವು. ಸನಾದಿ ಒಂದೂವರೆ ಎರಡು ಅಡಿಯದು, ನಾದಸ್ವರ ಅದಕ್ಕಿಂತ ಉದ್ದ, ದನಿಯೂ ದಪ್ಪ. ನಾದಸ್ವರದ ಕೊಳವೆಗೆ ಒಗ್ಗುವ ಮರ ಬಯಲುಸೀಮೆಯವರಿಗೆ ಗೊತ್ತಿರುವ ಕಮರ. ತಮಿಳುನಾಡಿನ ನರಸಿಂಗಂಪೇಟೆಯ ಕುಶಲಿಗಳು ಹಳೆಯ ಮನೆ ಕೆಡವಿದಾಗ ಸಿಗುವ ಅದರ ತೊಲೆಗಳನ್ನು ಹುಡುಕಿ ತರುತ್ತಾರೆ, ಹೊಸ ಮರ ಸೀಳುತ್ತದೆ ಎಂದು. ಎರಡು ದಾರಿ ಕೂಡುವಲ್ಲಿ ಸಂಗೀತವೂ ಬೆರೆಯಿತು. ಹಿಂದೂಸ್ತಾನಿ ಭೀಮಪಲಾಸ್ ಒಂದು ಮದುವೆಯಲ್ಲಿ, ಕರ್ನಾಟಕಿ ಮೋಹನ ಇನ್ನೊಂದರಲ್ಲಿ. ಶಾಸ್ತ್ರದವರು ಮೂಗು ಮುರಿಯಬಹುದು. ಬೀಗರು ಮುರಿದದ್ದಿಲ್ಲ.

ಬಯಲಾಟದ ಹಿಮ್ಮೇಳದಲ್ಲಿ ಮೂರನೆಯದೊಂದು ಇತ್ತು, ಮುಖವೀಣೆ. ಗೇಣು ಮೊಳದ ಪುಟ್ಟ ಕೊಳವೆ, ಕೀರಲು ದನಿ. ಮದ್ದಳೆ ತಾಳದ ಗುಡುಗಿನ ನಡುವೆಯೂ ಭಾಗವತನ ಮಟ್ಟನ್ನು ಎತ್ತಿ ಹಿಡಿಯುತ್ತಿದ್ದ ವಾದ್ಯ. ಬಳ್ಳಾರಿ ಸೀಮೆ ಬಯಲಾಟದ ತವರುಗಳಲ್ಲಿ ಒಂದು. ಸುಗ್ಗಿ ಮುಗಿದ ಮೇಲೆ ತಿಂಗಳುಗಟ್ಟಲೆ ಆಟ ಕಲಿಸುವ ಮಾಸ್ತರರು ಹಳ್ಳಿಹಳ್ಳಿಗೆ ಬಂದು ನಿಲ್ಲುತ್ತಿದ್ದರು. ಹಾರ್ಮೋನಿಯಂ ಬಂದದ್ದೇ ತಡ ಮುಖವೀಣೆ ಹಿಂದೆ ಸರಿಯಿತು. ಕಾರಣ ಸರಳ: ಹಾರ್ಮೋನಿಯಂ ಶ್ರುತಿಯನ್ನೂ ಮಟ್ಟನ್ನೂ ಒಬ್ಬನ ಕೈಯಲ್ಲೇ ಕೊಡುತ್ತದೆ, ಉಸಿರು ಬೇಡ, ಹಾಡುವವನೇ ನುಡಿಸಬಹುದು. ಹಿಮ್ಮೇಳದಲ್ಲಿ ಒಬ್ಬ ಕಡಿಮೆಯಾದ. ಆ ಕಡಿಮೆಯಾದವನ ಮಗನಿಗೆ ಕಲಿಯುವ ಜಾಗವೂ ಕಡಿಮೆಯಾಯಿತು. ಇದು ಮುಂದೆ ಮತ್ತೆ ಮತ್ತೆ ನಡೆಯಲಿರುವ ಸಂಗತಿಯ ಮೊದಲ ಸಲ.

ಮುಖವೀಣೆಯನ್ನು ಕುಣಿತದ ಮೇಳದಿಂದ ಹೊರಗೆ ಹಾಕಿದ್ದು ಮಾತ್ರ ಬೇರೆ ವಾದ್ಯ, ಕ್ಲಾರಿಯೋನೆಟ್. ತಂಜಾವೂರಿನ ಕಡೆ 19ನೇ ಶತಮಾನದಲ್ಲಿ ನಟ್ಟುವನಾರರು, ಅವರಲ್ಲಿ ಮಹಾದೇವ ನಟ್ಟುವನಾರರ ಹೆಸರು ಮುಂದೆ ನಿಲ್ಲುತ್ತದೆ, ಈ ಯುರೋಪಿನ ವಾದ್ಯವನ್ನು ದೇವದಾಸಿಯರ ಕುಣಿತದ ಹಿಮ್ಮೇಳಕ್ಕೆ ತಂದರು. ಮದರಾಸು ಪ್ರಾಂತದ ಮೂಲೆ ಮೂಲೆಗೆ ಅದು ಹರಡಿತು. ನಮ್ಮ ಐದು ತಾಲ್ಲೂಕುಗಳೂ ಆಗ ಮದರಾಸು ಪ್ರಾಂತದವೇ. 1800ರಲ್ಲಿ ನಿಜಾಮ ಕಂಪನಿಗೆ ಬಿಟ್ಟುಕೊಟ್ಟ ಸೀಮೆ ಇದು, ಥಾಮಸ್ ಮನ್ರೋ ಕಲೆಕ್ಟರಾಗಿ ಕಂದಾಯ ಕಟ್ಟಿದ ನೆಲ. 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೆ ಇಲ್ಲಿಯ ಕಾಯಿದೆ ಮದರಾಸಿನದು. ದೇವದಾಸಿ ಬಿಡುವುದನ್ನು ತಡೆಯುವ ಮದರಾಸಿನ 1947ರ ಕಾಯಿದೆಯೂ ಹಾಗೆಯೇ ಇಲ್ಲಿಗೆ ಅನ್ವಯಿಸಿತು. ಉಚ್ಚಂಗಿಯಂಥ ಕ್ಷೇತ್ರಗಳಲ್ಲಿ ಪದ್ಧತಿ ಅಷ್ಟಕ್ಕೇ ನಿಲ್ಲಲಿಲ್ಲ, 1982ರಲ್ಲಿ ಕರ್ನಾಟಕ ಇನ್ನೊಂದು ಕಾಯಿದೆ ತರಬೇಕಾಯಿತು. ನಿಲ್ಲಲೇಬೇಕಿದ್ದ ಪದ್ಧತಿ, ಅದರಲ್ಲಿ ಎರಡು ಮಾತಿಲ್ಲ. ಗುಡಿಯ ಕುಣಿತ ಕರಗಿದಂತೆ ಅದರ ಹಿಮ್ಮೇಳದವರು ಮದುವೆ ಮನೆಗೂ ನಾಟಕ ಕಂಪನಿಗೂ ಸರಿದರು.

ಕ್ಲಾರಿಯೋನೆಟ್ಟನ್ನು ಸನಾದಿಯವರು ಹಿಡಿದದ್ದು ಸುಲಭದ ಮಾತಲ್ಲ. ಸನಾದಿಯನ್ನು ಗಟ್ಟಿಯಾಗಿ ಊದಿದರೆ ಅದು ಷಡ್ಜದಿಂದ ಮೇಲಿನ ಷಡ್ಜಕ್ಕೆ ಹಾರುತ್ತದೆ. ಉದ್ದಕ್ಕೂ ಒಂದೇ ಗಾತ್ರದ ಕೊಳವೆಯ ಕ್ಲಾರಿಯೋನೆಟ್ ಆ ಷಡ್ಜವನ್ನೂ ದಾಟಿ ಅದರಾಚೆಯ ಪಂಚಮಕ್ಕೆ ಹಾರುತ್ತದೆ. ಎಂದರೆ ಕೆಳಗಿನ ಸ್ಥಾಯಿಯಲ್ಲಿ ಕಲಿತ ಬೆರಳು ಮೇಲೆ ಕೆಲಸಕ್ಕೆ ಬಾರದು, ಎರಡು ಲೆಕ್ಕ ಕಲಿಯಬೇಕು. ಜತೆಗೆ ಕೀಲಿಗಳು. ತೂತಿನ ಮೇಲೆ ಬೆರಳನ್ನು ಅರೆಬರೆ ಜಾರಿಸಿ ಗಮಕ ತೆಗೆಯುತ್ತಿದ್ದವರಿಗೆ ಕೀಲಿ ಅಡ್ಡಿ. ಆ ಜಾರುವಿಕೆಯನ್ನು ತುಟಿಯಿಂದಲೇ ತರುವುದನ್ನು ವಾದಕರು ಕಂಡುಕೊಂಡರು. ತಮಿಳುನಾಡಿನ ಎ.ಕೆ.ಸಿ. ನಟರಾಜನ್ ಅದನ್ನು ಕಛೇರಿಯ ಎತ್ತರಕ್ಕೆ ಒಯ್ದರು. ಕೊಟ್ಟೂರು ಜಾತ್ರೆಗೆ ಬರುತ್ತಿದ್ದ ಮೇಳಗಳಿಗೆ ಎತ್ತರದ ಯೋಚನೆಗಿಂತ ಒಂದು ಅನುಕೂಲ ದೊಡ್ಡದಾಗಿತ್ತು. ಕ್ಲಾರಿಯೋನೆಟ್ಟಿನ ಒಂಟಿ ಹುಲ್ಲು ಅಂಗಡಿಯಲ್ಲಿ ಸಿಗುತ್ತದೆ. ಸನಾದಿಯ ಪೀಪಿಯನ್ನು ತಾನೇ ಕಟ್ಟಬೇಕು, ನೆನೆಸಬೇಕು, ಹದ ನೋಡಬೇಕು, ಮಳೆ ಬಂದರೆ ಮತ್ತೆ ನೋಡಬೇಕು.

ಇನ್ನು ಬ್ಯಾಂಡ್. ಬಳ್ಳಾರಿ ದೊಡ್ಡ ದಂಡಿನ ಊರು. ದಂಡಿನ ಪಲ್ಟನ್‌ಗಳಿಗೆ ವಾದ್ಯಮೇಳವಿತ್ತು. ಆ ಸಂಗೀತ ದಂಡಿನ ಬೇಲಿ ದಾಟಿ ಬಜಾರಿನ ಮದುವೆಗೆ ಇಳಿದದ್ದು ಇಡೀ ದೇಶದ ಕಥೆ, ಗ್ರೆಗೊರಿ ಬೂತ್ ಎಂಬ ಸಂಗೀತ ವಿದ್ವಾಂಸ ಬ್ರಾಸ್ ಬಾಜಾ ಎಂಬ ಹೆಸರಿನಲ್ಲಿ 2005ರಲ್ಲಿ ಅದರ ಬಗ್ಗೆ ಇಡೀ ಪುಸ್ತಕವನ್ನೇ ಬರೆದಿದ್ದಾನೆ. ತುತ್ತೂರಿ, ಯುಫೋನಿಯಂ, ಸೈಡ್ ಡ್ರಮ್ಮು ಮೀರತ್ತಿನಲ್ಲೇ ತಯಾರಾಗತೊಡಗಿದ ಮೇಲೆ ಬೆಲೆ ಇಳಿಯಿತು. ಹೊಸಪೇಟೆ ಕೊಟ್ಟೂರು ರೈಲು 1905ರಲ್ಲಿ ಓಡತೊಡಗಿತು, ಹತ್ತಿ ಕಾಳಿನ ವ್ಯಾಪಾರಕ್ಕೆ ಬಂದ ಹಳಿ ನಾಟಕದವರಿಗೂ ಬ್ಯಾಂಡಿನವರಿಗೂ ದಾರಿಯಾಯಿತು. ಹರಪನಹಳ್ಳಿ, ತೆಲಿಗಿಯ ಕಡೆಗೆ ರೈಲು ಬರಲು ಇನ್ನೂ ನೂರು ವರ್ಷ ಬೇಕಾಯಿತು, ಕೊಟ್ಟೂರು ಹರಿಹರ ಮಾರ್ಗ ಜನರಿಗೆ ತೆರೆದದ್ದು 2014ರಲ್ಲಿ. ಅಲ್ಲಿಯವರೆಗೆ ತೆಲಿಗಿ ಹೋಬಳಿಯವರು ವಾದ್ಯದವರನ್ನು ಗಾಡಿಯಲ್ಲಿ, ಆಮೇಲೆ ಬಸ್ಸಿನ ಟಾಪಿನ ಮೇಲೆ ಡ್ರಮ್ಮು ಹೇರಿಸಿ ಕರೆತಂದರು. ಮದುಮಗನಿಗಿಂತ ಬ್ಯಾಂಡಿನವರ ಅಂಗಿಗೇ ಜರಿ ಹೆಚ್ಚು ಎಂಬ ಗೇಲಿ ಆ ಕಾಲದ್ದು.

ಬ್ಯಾಂಡ್ ಸೆಟ್ಟು ಹುಡುಗರ ಪಾಲಿಗೆ ಒಂದು ಒಳ್ಳೆಯ ಕೆಲಸ ಮಾಡಿತು, ಅದನ್ನು ಯಾರೂ ಹೆಚ್ಚಾಗಿ ಹೇಳುವುದಿಲ್ಲ. ಅಲ್ಲಿ ಕಿರಿಯರಿಗೆ ಒಂದಲ್ಲ, ಮೂರು ನಾಲ್ಕು ಜಾಗ. ತಾಳ ಹಿಡಿಯುವವನು, ಗಿಲಕಿ ಆಡಿಸುವವನು, ಯುಫೋನಿಯಮ್ಮಿನಲ್ಲಿ ಎರಡೇ ಸ್ವರ ಊದುವವನು. ಕ್ಲಾರಿಯೋನೆಟ್ ಉಸ್ತಾದ ಸಿನಿಮಾ ಹಾಡೊಂದನ್ನು ಎರಡು ಸಲ ಕೇಳಿ ಎತ್ತಿಕೊಂಡ ಮೇಲೆ, ಯಾರು ಎಲ್ಲಿ ಸೇರಬೇಕು, ಎಲ್ಲಿ ಸುಮ್ಮನಿರಬೇಕು, ಚರಣದ ನಡುವಿನ ಪಿಟೀಲಿನ ತುಣುಕನ್ನು ಯಾರ ತುತ್ತೂರಿಗೆ ಕೊಡಬೇಕು ಎಂದು ಅಲ್ಲೇ ಹಂಚುತ್ತಾನೆ. ಕಾಗದವಿಲ್ಲ, ಗೀಟಿಲ್ಲ. ಇದನ್ನು ಸಂಗೀತ ರಚನೆ ಎಂದು ಕರೆಯಲು ಪಂಡಿತರು ಹಿಂಜರಿಯುತ್ತಾರೆ. ಹಿಂಜರಿಯುವುದು ಯಾಕೆ ಎಂದು ತಿಳಿಯುವುದಿಲ್ಲ, ಏಕೆಂದರೆ ಪಶ್ಚಿಮದಲ್ಲಿ ಇದೇ ಕೆಲಸಕ್ಕೆ ಹೆಸರುವಾಸಿಯಾದವರಿದ್ದಾರೆ. ಗುಸ್ತಾವ್ ಹೋಲ್ಸ್ಟ್ 1909ರಲ್ಲಿ ಮಿಲಿಟರಿ ಬ್ಯಾಂಡಿಗೆಂದೇ ಬರೆದ ಮೊದಲ ಸ್ವೀಟ್ ಎಂಬ ರಚನಾಮಾಲೆ ಇಂದಿಗೂ ಇಂಗ್ಲೆಂಡ್ ಅಮೆರಿಕದ ಶಾಲಾ ಬ್ಯಾಂಡುಗಳ ಪಾಠ. ಅಲ್ಲಿ ಪ್ರತಿಯೊಂದು ವಾದ್ಯದ ಪಾಲೂ ಬರಹದಲ್ಲಿದೆ, ಕಲಿಯುತ್ತಿರುವ ಕೈಗೆ ತಕ್ಕ ಪಾಲೂ ಅದರಲ್ಲಿ ಸಿಗುತ್ತದೆ. ಇನ್ನೂ ಹಿಂದೆ ಹೋದರೆ ಜರ್ಮನಿಯ ಊರುಗಳಲ್ಲಿ ಊರ ವಾದ್ಯದವರು ಎಂಬ ವೃತ್ತಿಯೇ ಇತ್ತು, ಅವರ ಮನೆಯಲ್ಲೇ ಉಂಡು ಮಲಗಿ ಹುಡುಗರು ವಿದ್ಯೆ ಕಲಿಯುತ್ತಿದ್ದರು. ಮಹಾ ವಾಗ್ಗೇಯಕಾರ ಬಾಖ್‌ನ ಅಪ್ಪ ಐಸೆನಾಖ್ ಎಂಬ ಊರಲ್ಲಿ ಅಂಥ ವಾದ್ಯದವ. ಅವನ ಮಗ ಬರೆದಿಟ್ಟ, ನಮ್ಮವರ ಮಕ್ಕಳು ಬರೆದಿಡಲಿಲ್ಲ. ವ್ಯತ್ಯಾಸ ಅಲ್ಲಿದೆ.

ಬರೆದಿಡುವ ಪ್ರಯತ್ನ ಕನ್ನಡನಾಡಿನಲ್ಲಿ ನಡೆದದ್ದು ಮೈಸೂರಿನ ಅರಮನೆಯಲ್ಲಿ. 19ನೇ ಶತಮಾನದ ಉತ್ತರಾರ್ಧದಲ್ಲೇ ಅಲ್ಲಿ ಬ್ಯಾಂಡ್ ಇತ್ತು, ಮುಂದೆ ಇಂಗ್ಲಿಷ್ ಬ್ಯಾಂಡ್, ಕರ್ನಾಟಕ ಬ್ಯಾಂಡ್ ಎಂದು ಎರಡೂ ನಡೆದವು. ಜರ್ಮನಿಯ ಆಟೋ ಸ್ಮಿಟ್ ಅಲ್ಲಿಯ ಬ್ಯಾಂಡಿನ ನಿರ್ದೇಶಕರಾಗಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ವೀಣೆ ವೆಂಕಟಗಿರಿಯಪ್ಪ ನಗ್ಮಾ ಎಂಬ ಹೊಸ ಬಗೆಯ ರಚನೆಗಳನ್ನು ಮಾಡಿದರು, ಸಾಹಿತ್ಯವಿಲ್ಲದ, ವಾದ್ಯಗಳಿಗೆಂದೇ ಹುಟ್ಟಿದ ಸಂಗೀತ. ಅರಮನೆಯ ಬ್ಯಾಂಡುಗಳು ಇಂದು ಕರ್ನಾಟಕ ಪೊಲೀಸರ ಬ್ಯಾಂಡಾಗಿ ದಸರೆಯಲ್ಲಿ ನುಡಿಯುತ್ತಿವೆ. ಬಳ್ಳಾರಿ ಜಿಲ್ಲೆ ಆ ಅರಮನೆಯ ಗಡಿಯಾಚೆ ಇತ್ತು. ಇಲ್ಲಿಯ ಕ್ಲಾರಿಯೋನೆಟ್ಟಿಗೆ ಸ್ವರಲಿಪಿ ಕಲಿಸುವ ಸ್ಮಿಟ್ ಸಿಗಲಿಲ್ಲ.

ಸಂಬಳವೂ ಸಿಗಲಿಲ್ಲ. ಸಿಕ್ಕಿದ್ದು ಆಯ, ಸುಗ್ಗಿಯ ಕಣದಲ್ಲಿ ಅಳೆದು ಕೊಡುವ ಜೋಳ, ಎಲ್ಲೋ ಒಂದಿಷ್ಟು ಇನಾಂ ಹೊಲ. ಸನಾದಿ ಊದುವವರು ಹೆಚ್ಚಿನಂಶ ಭಜಂತ್ರಿ ಎಂದು ಕರೆಸಿಕೊಳ್ಳುವ ಕೊರಮ, ಕೊರಚ ಸಮುದಾಯದವರು, ಹಲಗೆ ಬಾರಿಸುವವರು ಮಾದಿಗರು. ಇವರಿಲ್ಲದೆ ಶುಭಕಾರ್ಯ ಶುಭವಾಗುತ್ತಿರಲಿಲ್ಲ, ಶುಭಕಾರ್ಯದ ಊಟಕ್ಕೆ ಮಾತ್ರ ಇವರದು ಕೊನೆಯ ಪಂಕ್ತಿ, ಅದೂ ಹೊರಗೆ. ಕೊಟ್ಟೂರೇಶ್ವರನ ತೇರು ಕದಲುವ ಮುನ್ನ ದಲಿತ ಮಹಿಳೆಯೊಬ್ಬಳು ಆರತಿ ಬೆಳಗುವ ಪದ್ಧತಿಯಿದೆ. ಮಾಘದ ಕೃಷ್ಣಪಕ್ಷದಲ್ಲಿ ಲಕ್ಷಗಟ್ಟಲೆ ಜನ ಅದಕ್ಕಾಗಿ ಕಾಯುತ್ತಾರೆ. ಅಂಥ ಜಾತ್ರೆಯ ಸೀಮೆಯಲ್ಲೇ ಊರ ಹಲಗೆ ಬಾರಿಸುವುದನ್ನು ಹೊಸ ತಲೆಮಾರು ಒಲ್ಲೆ ಎಂದದ್ದೂ ಉಂಟು. ಮೈಸೂರು ಸರ್ಕಾರದ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ ವಂಶಪಾರಂಪರ್ಯದ ಊರ ಚಾಕರಿಗಳ ಬೇರನ್ನೇ ಸಡಿಲಿಸಿತು. ಕಲೆ ಉಳಿಯಲಿ ಎಂದು ಹೊರಗಿನವರು ಹಂಬಲಿಸುವುದು ಸುಲಭ. ಆ ಕಲೆಯ ಜತೆಗೆ ಅಂಟಿಬಂದ ಬಾಗಿಲಾಚೆಯ ಎಲೆಯನ್ನು ನೆನೆದವರಿಗೆ ಮಗನ ಕೈಯಿಂದ ಸನಾದಿ ತೆಗೆದಿಡುವುದೇ ಸರಿ ಎನಿಸಿದ್ದರೆ ತಪ್ಪೆನ್ನುವ ಹಕ್ಕು ಯಾರಿಗೂ ಇಲ್ಲ.

ಗೌರವ ಬಂದದ್ದು ಮೇಳದಿಂದ ಹೊರಬಿದ್ದ ಒಬ್ಬೊಬ್ಬರಿಗೆ. ಬಿಸ್ಮಿಲ್ಲಾ ಖಾನರು ಶಹನಾಯಿಯನ್ನು ಕಛೇರಿಯ ವೇದಿಕೆಯ ನಡುವೆ ಕೂರಿಸಿದರು. 2001ರಲ್ಲಿ ಅವರಿಗೆ ಭಾರತರತ್ನ ಬಂತು. ಕನ್ನಡಿಗರ ಮನೆಮನೆಗೆ ಅವರ ನಾದ ಬಂದದ್ದು 1977ರ ಸನಾದಿ ಅಪ್ಪಣ್ಣ ಚಿತ್ರದಿಂದ. ತೆರೆಯ ಮೇಲೆ ಬೆರಳು ರಾಜಕುಮಾರರದು, ಉಸಿರು ಬಿಸ್ಮಿಲ್ಲಾ ಖಾನರದು. 1950ರ ಜನವರಿಯಲ್ಲಿ ಶುರುವಾದ ಧಾರವಾಡ ಆಕಾಶವಾಣಿ ಈ ಕಡೆಯ ವಾದ್ಯದವರಿಗೆ ಹೊಸ ಬಾಗಿಲಾಯಿತು. ಕರಾವಳಿಯಲ್ಲಿ ಇನ್ನೂ ದೊಡ್ಡ ಜಿಗಿತ ನಡೆಯಿತು. ಬಂಟ್ವಾಳದ ಸಜಿಪದ ನಾದಸ್ವರದ ಮನೆಯಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತರು. ಗಮಕ ನುಡಿಯುವಂತೆ ಅದನ್ನು ಪಳಗಿಸಿ, 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿಯ ಜತೆ ನುಡಿಸಿದರು, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿದರು. 2019ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಕರಾವಳಿಯ ಗುಡಿಗಳಲ್ಲಿ, ಮದುವೆ ಛತ್ರಗಳಲ್ಲಿ ಹೆಣ್ಣುಮಕ್ಕಳೂ ಸ್ಯಾಕ್ಸೋಫೋನ್ ಊದುವ ಕಾಲ ಬಂದಿತ್ತು. ನಾದಸ್ವರದ ಮೇಳದಲ್ಲಿ ಸಾಮಾನ್ಯವಾಗಿ ಹೆಣ್ಣುಮಗುವಿಗೆ ಒತ್ತು ಹಿಡಿಯುವ ಜಾಗವೂ ಇರಲಿಲ್ಲ ಎಂಬುದನ್ನು ನೆನೆದರೆ ಇದು ಸಣ್ಣ ಸಂಗತಿಯಲ್ಲ.

ನಮ್ಮ ಸೀಮೆಯ ಹುಡುಗರಿಗೆ ಮೇಳದ ಆಚೆ ಕಲಿಯುವ ಜಾಗಗಳು ಎರಡು ಮೂರು ಕಡೆ ಹುಟ್ಟಿದವು. ಒಂದು ಹೊಳೆಯಾಚೆಯ ಗದಗಿನ ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳು, ಅವರ ಬಳಿಕ 2010ರವರೆಗೆ ಪುಟ್ಟರಾಜ ಗವಾಯಿಗಳು ಅಂಧರಿಗೂ ಬಡವರ ಮಕ್ಕಳಿಗೂ ಜಾತಿ ಕೇಳದೆ ಅನ್ನ ಹಾಕಿ ಸಂಗೀತ ಕಲಿಸಿದ ಮನೆ ಅದು. ಇನ್ನೊಂದು ನಾಟಕ ಕಂಪನಿ. ಕಾಲಲ್ಲಿ ಒತ್ತುವ ಹಾರ್ಮೋನಿಯಂ, ತಬಲಾ, ಕ್ಲಾರಿಯೋನೆಟ್ ಇಲ್ಲದ ಕಂಪನಿ ಇರುತ್ತಿರಲಿಲ್ಲ. ದಾವಣಗೆರೆಯಲ್ಲಿ ನೆಲೆಯಾದ ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ಹರಪನಹಳ್ಳಿಯವರಿಗೆ ನೆರೆಮನೆ ಇದ್ದಂತೆ. ಹಡಗಲಿಯಲ್ಲಿ ಎಂ.ಪಿ. ಪ್ರಕಾಶ್ ರಂಗಭಾರತಿ ಕಟ್ಟಿದರು. ರಾಜಕಾರಣಕ್ಕೆ ಹೋದ ಮೇಲೂ ಬಯಲಾಟ, ಜನಪದ ವಾದ್ಯ ಎಂದರೆ ಅವರ ಕಿವಿ ನೆಟ್ಟಗಾಗುತ್ತಿತ್ತು. ಹಂಪಿ ಉತ್ಸವದ ಹಿಂದೆ ಇದ್ದವರೂ ಅವರೇ. ಉತ್ಸವದ ಜನಪದ ಕಲಾವಾಹಿನಿಯಲ್ಲಿ ಕರಡಿ ಮಜಲು, ಸನಾದಿ, ನಂದಿಕೋಲು ಸಮಾಳ ನಡೆಯುವುದನ್ನು ಹಜಾರರಾಮ ಗುಡಿಯ ಗೋಡೆಯ ಪಕ್ಕದಲ್ಲಿಟ್ಟು ನೋಡಬೇಕು.

ಇಷ್ಟರ ನಡುವೆ ಮೇಳದೊಳಗಿನ ಹುಡುಗನ ಜಾಗ ಸದ್ದಿಲ್ಲದೆ ಹೋಯಿತು. ಅದನ್ನು ಕಿತ್ತುಕೊಂಡದ್ದು ಸಣ್ಣದೊಂದು ಪೆಟ್ಟಿಗೆ. ಬೆಂಗಳೂರಿನ ಜಿ. ರಾಜನಾರಾಯಣ್ 1970ರ ದಶಕದಲ್ಲಿ ಎಲೆಕ್ಟ್ರಾನಿಕ್ ಶ್ರುತಿ ಮತ್ತು ತಂಬೂರಿಯನ್ನು ರೂಪಿಸಿದರು, ಅವರ ರಾಡೆಲ್ ಕಂಪನಿಯ ಪೆಟ್ಟಿಗೆಗಳು ದೇಶವಿದೇಶಕ್ಕೆ ಹೋದವು. ರಾಜನಾರಾಯಣ್ ಎಂಜಿನಿಯರು ಮಾತ್ರವಲ್ಲ, ಸ್ವತಃ ಕೊಳಲು ವಾದಕರು. ಒಬ್ಬನೇ ಕುಳಿತು ಸಾಧನೆ ಮಾಡುವ ವಿದ್ಯಾರ್ಥಿಗೆ ಆ ಪೆಟ್ಟಿಗೆ ವರ. ಕೈಯಲ್ಲಿ ಹಿಡಿದು ನಡೆಯಬಹುದಾದದ್ದು ಬಂದ ಮೇಲೆ ಮೇಳದ ಮುಖ್ಯಸ್ಥನೂ ಲೆಕ್ಕ ಹಾಕಿದ: ಶ್ರುತಿಗೆ ಒಂದು ಆಳು ಯಾಕೆ? ಪೆಟ್ಟಿಗೆಗೆ ಊಟ ಬೇಡ, ಪಾಲು ಬೇಡ, ದಣಿವಿಲ್ಲ, ಶ್ರುತಿ ಎಳ್ಳಷ್ಟೂ ಅಲುಗುವುದಿಲ್ಲ. ನಾದಸ್ವರದ ಮೇಳಗಳಲ್ಲಿ ಒತ್ತು ಬಹುತೇಕ ಮರೆಯಾಯಿತು, ಸನಾದಿಯಲ್ಲಿ ಸುರ್ ಅದೇ ದಾರಿ ಹಿಡಿಯಿತು. ಸಂಗೀತಕ್ಕೆ ನಷ್ಟವಾಯಿತೇ? ಕೇಳುಗನಿಗೆ ಹೆಚ್ಚೇನೂ ಅನಿಸದು. ಕಲಿಕೆಗೆ ಆಯಿತು. ಏನೂ ಬಾರದ ಹನ್ನೆರಡರ ಹುಡುಗ ಮೇಳದಲ್ಲಿ ನಿಲ್ಲಲು ಇದ್ದ ಒಂದೇ ಕಾರಣ ಹೋಯಿತು.

ಹುಡುಗ ಆ ಹೊತ್ತಿಗೆ ಶಾಲೆಯಲ್ಲಿದ್ದ ಎಂಬುದನ್ನೂ ಹೇಳಬೇಕು. ರಾತ್ರಿಯಿಡೀ ದಿಬ್ಬಣದಲ್ಲಿ ಊದಿ ಬೆಳಿಗ್ಗೆ ತರಗತಿಯಲ್ಲಿ ತೂಕಡಿಸುವುದಕ್ಕಿಂತ ಇದು ಒಳ್ಳೆಯದೇ. ಶಾಲೆ ಅವನಿಗೆ ಊದುವ ವಾದ್ಯವನ್ನು ಕೊಟ್ಟಿತೇ ಎಂಬುದು ಬೇರೆ ಪ್ರಶ್ನೆ. ಸ್ವಾತಂತ್ರ್ಯ ದಿನದ ಕವಾಯತಿಗೆ ಸೈಡ್ ಡ್ರಮ್ಮು, ಬ್ಯೂಗಲ್ಲು ಬಂದವು. ಸರ್ಕಾರದ ಸಂಗೀತ ಪರೀಕ್ಷೆಗಳಿಗೆ ಜೂನಿಯರ್, ಸೀನಿಯರ್, ವಿದ್ವತ್ ಎಂಬ ಮೆಟ್ಟಿಲುಗಳಿವೆ, ಅವುಗಳನ್ನು ಹತ್ತಲು ಗುರು, ಪಠ್ಯ, ಶುಲ್ಕ ಬೇಕು. ರಾಷ್ಟ್ರೀಯ ಯುವಜನೋತ್ಸವದ ಸ್ಪರ್ಧೆಗಳ ಹಳೆಯ ಪಟ್ಟಿಯಲ್ಲಿ ಸಿತಾರ್, ವೀಣೆ, ತಬಲಾ, ಮೃದಂಗ, ಹಾರ್ಮೋನಿಯಂ, ಗಿಟಾರ್ ಜತೆಗೆ ಕೊಳಲಿತ್ತು. ಶಹನಾಯಿ, ನಾದಸ್ವರ, ಕ್ಲಾರಿಯೋನೆಟ್ ಇರಲಿಲ್ಲ. ತಲೆಮಾರುಗಳಿಂದ ಊರ ಮುಂದೆ ನಡೆದ ವಾದ್ಯಗಳಿಗೆ ಯುವಕರ ಪಟ್ಟಿಯಲ್ಲಿ ಹೆಸರಿರಲಿಲ್ಲ, ಗಿಟಾರಿಗಿತ್ತು. ಪಟ್ಟಿ ಮಾಡಿದವರಿಗೆ ಗಿಟಾರಿನ ಮೇಲೆ ಪ್ರೀತಿ ಇದ್ದಿರಬಹುದು, ಅದು ತಪ್ಪಲ್ಲ. ಕರ್ನಾಟಕ ಜಾನಪದ ಅಕಾಡೆಮಿ ಪ್ರಶಸ್ತಿ ಕೊಟ್ಟು ಕರಡಿ ಮಜಲಿನವರನ್ನೂ ಸನಾದಿಯವರನ್ನೂ ಗೌರವಿಸುತ್ತ ಬಂದಿದೆ. ಪ್ರಶಸ್ತಿ ಬರುವಾಗ ಅವರಿಗೆ ಅರವತ್ತೋ ಎಪ್ಪತ್ತೋ ಆಗಿರುತ್ತದೆ.

ಆಮೇಲೆ ಡಿಜೆ ಬಂತು, ಅದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಎದೆ ನಡುಗಿದವರಿಗೆಲ್ಲ ಗೊತ್ತು. ಝಾಂಜ್ ಮೇಳಗಳು ಬಂದವು, ಅವುಗಳಲ್ಲಿ ಹುಡುಗಿಯರೂ ಸಾಲುಗಟ್ಟಿ ನಿಂತು ಬಾರಿಸುತ್ತಾರೆ. ಅವುಗಳಲ್ಲಿ ಊದುವುದು ಕಡಿಮೆ, ಬಡಿಯುವುದು ಹೆಚ್ಚು. ಬಡಿಯುವುದನ್ನು ಒಂದು ತಿಂಗಳಲ್ಲಿ ತಕ್ಕಮಟ್ಟಿಗೆ ಕಲಿಯಬಹುದು, ಊದುವುದಕ್ಕೆ ವರ್ಷಗಳು ಬೇಕು. ಗಣೇಶನ ಹಬ್ಬಕ್ಕೆ ಜಿಲ್ಲಾಡಳಿತ ಡಿಜೆ ನಿಷೇಧಿಸಿದ ವರ್ಷಗಳಲ್ಲಿ ಬ್ಯಾಂಡಿನವರಿಗೂ ಸನಾದಿಯವರಿಗೂ ಬೇಡಿಕೆ ಏರುತ್ತದೆ.

2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಈ ಐದೂ ತಾಲ್ಲೂಕುಗಳು ಹೊಸಪೇಟೆಯ ಜತೆ ಒಂದೇ ಜಿಲ್ಲೆಗೆ ಬಂದವು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಮರಳಿ, ಆಮೇಲೆ ಇಲ್ಲಿಗೆ ಬಂತು. ಜಿಲ್ಲೆ ಬದಲಾದರೂ ಮೇಳದವರ ಪಂಚಾಂಗ ಬದಲಾಗಿಲ್ಲ. ಭರತ ಹುಣ್ಣಿಮೆಗೆ ಮೈಲಾರ, ಅದರ ಬೆನ್ನಿಗೆ ಕೊಟ್ಟೂರು ತೇರು, ಯುಗಾದಿಯ ಆಸುಪಾಸಿನ ಹಳ್ಳಿ ಜಾತ್ರೆಗಳು, ವೈಶಾಖ ಮುಗಿಯುವವರೆಗೂ ಮದುವೆ. ವರ್ಷದ ದುಡಿಮೆಯ ಬಹುಪಾಲು ಈ ಮೂರು ನಾಲ್ಕು ತಿಂಗಳದ್ದು. ಪಿಯುಸಿ ಮತ್ತು ಎಸ್ಸೆಸ್ಸೆಲ್ಸಿ ಪರೀಕ್ಷೆಗಳು ಬರುವುದೂ ಮಾರ್ಚ್ ಏಪ್ರಿಲ್‌ನಲ್ಲೇ. ಮೇಳಕ್ಕೆ ಹುಡುಗ ಬೇಕಾದ ತಿಂಗಳುಗಳೂ ಶಾಲೆಗೆ ಹುಡುಗ ಬೇಕಾದ ತಿಂಗಳುಗಳೂ ಒಂದೇ. ಕ್ಲಾರಿಯೋನೆಟ್ಟಿನ ಮನೆಗಳಲ್ಲಿ ಮಗನನ್ನು ಕಳಿಸುವುದು ಪರೀಕ್ಷೆಯ ಕೋಣೆಗೆ.